ಅತ್ತೆಯ ಬೆನ್ನಿಗೊಂದು ಚೀಲ

ಬೆನ್ನಿಗೊಂದು ಚೀಲ ಹಾಕಿಕೊಂಡು ಒಬ್ಬಳೇ ಯುರೋಪು ಸುತ್ತಿ ಬರುತ್ತೇನೆ ಅಂತ ನಮ್ಮತ್ತೆ ಹೇಳಿದ್ದು ಒಂದು ಭಾನುವಾರ, ಎಲ್ಲರೂ ಊಟಕ್ಕೆ ಕೂತಿದ್ದಾಗ. ನೀರಿನ ಜಗ್ಗು ಈ ಕಡೆ ಕೊಡು ಅನ್ನುವಷ್ಟು ಸಲೀಸಾಗಿ ಹೇಳಿಬಿಟ್ಟಳು.

"ಹತ್ತೊಂಬತ್ತು ದಿನ ರಜ ಕೇಳಿದೀನಿ. ಕೊಟ್ಟಿದಾರೆ. ನಾಲ್ಕು ಊರು."

ಅಪ್ಪನ ಕೈಯಲ್ಲಿದ್ದ ತುತ್ತು ಬಾಯಿಗೂ ಹೋಗದೆ ತಟ್ಟೆಗೂ ಇಳಿಯದೆ ಅಲ್ಲೇ ನಿಂತಿತು. ಅಮ್ಮ ನನ್ನ ಮುಖ ನೋಡಿದಳು, ಇದು ನಿನ್ನದೇ ಕಿತಾಪತಿ ಅನ್ನುವ ಹಾಗೆ. ನಮ್ಮ ಮನೆಯಲ್ಲಿ ಹಾಲು ಉಕ್ಕಿದರೂ ಅದು ನನ್ನದೇ ಕಿತಾಪತಿ. ಆದರೆ ಈ ಸಲ ನಾನು ನಿಜವಾಗಿಯೂ ನಿರಪರಾಧಿ.

ಅತ್ತೆ ಅಂದರೆ ಅಪ್ಪನ ಅಕ್ಕ, ಐವತ್ತಾರು ವರ್ಷ. ಅಪ್ಪನಿಗೆ ಎಂಟು ತುಂಬುವಷ್ಟರಲ್ಲಿ ಅವರ ತಂದೆತಾಯಿ ಇಬ್ಬರೂ ತೀರಿಕೊಂಡಿದ್ದರು. ಆಗ ಹದಿನೇಳರ ಹುಡುಗಿ ತಮ್ಮನ ತಲೆ ಬಾಚಿ ಶಾಲೆಗೆ ಕಳಿಸಿ, ತಾನು ಸಮವಸ್ತ್ರ ಹೊಲಿಯುವ ಅಂಗಡಿಗೆ ಕೆಲಸಕ್ಕೆ ಸೇರಿದಳು. ಇವತ್ತಿಗೂ ಅಲ್ಲೇ ಇದ್ದಾಳೆ. ಮದುವೆ ಯಾಕಾಗಲಿಲ್ಲ ಅಂತ ಕೇಳಿದವರಿಗೆ "ಪುರುಸೊತ್ತಾಗ್ಲಿಲ್ಲ" ಅನ್ನುತ್ತಾಳೆ. ಇನ್ನೊಂದು ಸಲ ಕೇಳಿದರೆ ಕತ್ತರಿ ಕೆಳಗಿಟ್ಟು ನೋಡುತ್ತಾಳೆ. ಮೂರನೇ ಸಲ ಕೇಳಿದವರು ಇನ್ನೂ ಹುಟ್ಟಿಲ್ಲ.

ಅಂಗಡಿ ಇರುವುದು ಒಂದು ಬೇಕರಿಯ ಮಹಡಿಯ ಮೇಲೆ. ಎರಡು ಉದ್ದನೆಯ ಕೋಣೆ, ಹನ್ನೊಂದು ಮೆಷಿನ್ನು, ಕಿಟಕಿಯ ಪಕ್ಕ ಅತ್ತೆಯ ಕಟಿಂಗ್ ಟೇಬಲ್ಲು, ಮೂಲೆಯಲ್ಲಿ ಕೋಟು ಹಾಕಿ ನೋಡುವ ಮರದ ಬೊಂಬೆ. ಪ್ರವಾಸ ಕಂಪನಿಯೊಂದರ ಗೈಡುಗಳು ವರ್ಷಕ್ಕೆರಡು ಸಲ ಕೋಟು ಪ್ಯಾಂಟಿಗೆ ಅಲ್ಲಿಗೆ ಬರುತ್ತಾರೆ. ಅಳತೆ ಕೊಡಲು ನಿಂತ ಮನುಷ್ಯನಿಗೆ ಬೇರೆ ಏನು ಕೆಲಸ? ಕೈ ಅಗಲಿಸಿಕೊಂಡು ಮಾತಾಡುತ್ತಾನೆ. ಯಾವ ಸ್ಟೇಷನ್ನಿನಲ್ಲಿ ಮೆಟ್ಟಿಲು ಜಾಸ್ತಿ, ಯಾವ ಸೇತುವೆಯ ಮೇಲೆ ಬೆಳಗಿನ ಹೊತ್ತು ಜನ ಇರುವುದಿಲ್ಲ, ಎಲ್ಲಿ ಬಿಸಿನೀರಿನ ಕೊಳದಲ್ಲಿ ಮುದುಕರು ಕತ್ತಿನವರೆಗೆ ಮುಳುಗಿ ಚದುರಂಗ ಆಡುತ್ತಾರೆ, ಎಲ್ಲವೂ ಹೀಗೆ ಅತ್ತೆಯ ಕಿವಿಗೆ ಬಿದ್ದವು. ಕಡೆಕಡೆಗೆ ರಿಪೇರಿಗೆ ಬಂದ ಪ್ಯಾಂಟಿನ ಕೆಳತುದಿ ನೋಡಿಯೇ "ಇದನ್ನ ಪ್ರಾಗ್‌ನ ಕಲ್ಲುಬೀದಿ ತಿಂದಿದೆ" ಅನ್ನುತ್ತಿದ್ದಳು. ಹತ್ತಕ್ಕೆ ಎಂಟು ಸಲ ಅವಳ ಮಾತು ಸರಿಯಾಗುತ್ತಿತ್ತಂತೆ. ಅಂತೆ ಅಂತ ಯಾಕೆ ಸೇರಿಸಿದೆ ಅಂದರೆ, ಹೇಳಿದವಳೂ ಅವಳೇ.

"ಪುಣ್ಯಾತ್ಮರು ಕಣೆ," ಅಂದಳು ಒಂದು ದಿನ. "ನಿಂತ ಜಾಗದಲ್ಲೇ ನನಗೆ ಅಷ್ಟೂ ಊರು ತೋರಿಸಿದ್ರು. ಹೋಗಿ ಒಂದು ಸಲ ನೋಡಿ ಬರ್ದೇ ಇದ್ರೆ ಅವರು ಹೇಳಿದ್ದೆಲ್ಲ ವ್ಯರ್ಥ ಅಲ್ವಾ?"

"ಹಾಗಿದ್ರೆ ಅವರ ಗುಂಪಿನ ಜೊತೆಗೇ ಹೋಗು," ಅಂದೆ.

"ಗುಂಪಲ್ಲಿ ಹೋದವರು ಊರು ನೋಡಲ್ಲ, ಮುಂದಿರೋನ ಬೆನ್ನು ನೋಡ್ತಾರೆ. ನಾನು ಅಳತೆ ತೆಗೆದೂ ತೆಗೆದೂ ಊರಿನವರ ಬೆನ್ನೆಲ್ಲ ನೋಡಿ ಆಗಿದೆ. ಸಾಕು."

ಯೋಜನೆ ಮಾಡಲು ಕೂತೆವು. ನಾನು ಫೋನಿನಲ್ಲಿ, ಅವಳು ನೆಲದ ಮೇಲೆ. ಬಟ್ಟೆ ಕತ್ತರಿಸುವ ಮುಂಚೆ ಅಂಗಡಿಯಲ್ಲಿ ಹೇಗೆ ಖಾಕಿ ಕಾಗದದ ಮೇಲೆ ಗೆರೆ ಹಾಕುತ್ತಾಳೋ ಹಾಗೆಯೇ ಹಾಕಿದಳು. ಹತ್ತೊಂಬತ್ತು ದಿನಕ್ಕೆ ಹತ್ತೊಂಬತ್ತು ಗೇಣು ಕಾಗದ. ಮೊದಲು ದೊಡ್ಡ ತುಂಡುಗಳು: ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್, ಕ್ರಾಕೋವ್. ಸಂದಿಯಲ್ಲಿ ಚಿಕ್ಕ ತುಂಡುಗಳು: ಒಂದು ಮ್ಯೂಸಿಯಂ, ಒಂದು ಬಟ್ಟೆ ಬಜಾರು, ಒಂದು ಮಧ್ಯಾಹ್ನ ಸುಮ್ಮನೆ ಕೂರುವುದು. ಪ್ರತಿ ಊರಿನ ಎರಡೂ ಬದಿಗೆ ಅರ್ಧ ದಿನ ಖಾಲಿ ಬಿಟ್ಟಿದ್ದಳು.

"ಇದು ಯಾಕೆ ದಂಡ?" ಅಂದೆ.

"ಹೊಲಿಗೆಗೆ ಬಟ್ಟೆ ಬಿಡಬೇಡ್ವೇನೇ? ಅಂಚಿಗೆ ಅಂಚು ಕತ್ತರಿಸಿದ್ರೆ ಆಮೇಲೆ ಎಲ್ಲಿಂದ ಬಿಚ್ತೀಯ?"

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ರೈಲಿನ ಟಿಕೆಟ್ಟಿಗೆ ಮೂರು ಸಲ ಕೂತು ಎದ್ದಿದ್ದೆ. ವೀಸಾ ಅರ್ಜಿಯಲ್ಲಿ "ಪ್ರಯಾಣದ ಉದ್ದೇಶ" ಅನ್ನುವ ಕಡೆ ಏನು ಬರೆಯಲಿ ಅಂದರೆ "ಋಣ ತೀರಿಸೋದು ಅಂತ ಬರಿ" ಅನ್ನುತ್ತಾಳೆ. ಪ್ರವಾಸ ಅಂತ ಬರೆದು ಕಳಿಸಿದೆ. ದೇವರು ದೊಡ್ಡವನು, ವೀಸಾ ಬಂತು. ಹಾಸ್ಟೆಲುಗಳಲ್ಲಿ ಹೆಂಗಸರ ಕೋಣೆ, ಕೆಳಗಿನ ಮಂಚ ಎರಡೂ ಸಿಕ್ಕವು.

ಅಷ್ಟರವರೆಗೆ ಅಪ್ಪ ಬಾಯಿ ಬಿಟ್ಟಿರಲಿಲ್ಲ. ಅಪ್ಪನದು ಲಿಫ್ಟ್ ರಿಪೇರಿ ಕೆಲಸ. ಇಪ್ಪತ್ತೇಳು ವರ್ಷದಿಂದ ಊರಿನವರನ್ನೆಲ್ಲ ಮೇಲೆ ಕೆಳಗೆ ಓಡಾಡಿಸುತ್ತಿರುವ ಮನುಷ್ಯ, ತಾನು ಮಾತ್ರ ಆರಕ್ಕೇರದೆ ಮೂರಕ್ಕಿಳಿಯದೆ ಇರುವವನು. ಒಂದು ಸಂಜೆ ಕೈ ಒರೆಸಿಕೊಳ್ಳುತ್ತ ಬಂದು ಕಾಗದದ ಪಕ್ಕ ಕೂತ.

"ಅಕ್ಕ, ಅಲ್ಲಿ ಹಳೇ ಕಟ್ಟಡಗಳು. ಅರ್ಧಕ್ಕರ್ಧ ಕಡೆ ಲಿಫ್ಟ್ ಇರಲ್ಲ. ಚೀಲ ಹೊತ್ಕೊಂಡು ಹತ್ತೋವಾಗ ತಲೆ ತಿರುಗಿದ್ರೆ ಯಾರಿದಾರೆ ಹಿಡಿಯೋಕೆ?"

"ಗೋಡೆ ಇರುತ್ತಲ್ಲ."

ಅಪ್ಪ ನಗಲಿಲ್ಲ. ಪ್ರವಾಸ ಕಂಪನಿಯಲ್ಲಿ ಅವನಿಗೆ ಗೊತ್ತಿರುವವರೊಬ್ಬರು ಅದೇ ದಿನಗಳಿಗೆ ಗುಂಪಿನಲ್ಲಿ ಒಂದು ಸೀಟು ಹಿಡಿದಿಟ್ಟಿದ್ದಾರಂತೆ, ಸೋಮವಾರ ಬೆಳಿಗ್ಗೆಯವರೆಗೆ. ಅಪ್ಪನ ಷರತ್ತು ಹೀಗಿತ್ತು: ಅವನು ಲಿಫ್ಟ್ ರಿಪೇರಿ ಮಾಡುತ್ತಿರುವ ಎಂಟು ಮಹಡಿಯ ಆಫೀಸು ಕಟ್ಟಡಕ್ಕೆ ಶನಿವಾರ ಬರಬೇಕು. ಪ್ರವಾಸಕ್ಕೆ ಒಯ್ಯುವಷ್ಟೇ ಭಾರ ತುಂಬಿದ ಚೀಲ ಹೊತ್ತು ಮೇಲಿನವರೆಗೆ ಹತ್ತಬೇಕು. ಹತ್ತಿದರೆ ಒಬ್ಬಳೇ ಹೋಗಲಿ, ಆಗದಿದ್ದರೆ ಗುಂಪಿನ ಜೊತೆ.

"ಪರೀಕ್ಷೆ ಇಡ್ತೀಯೇನೋ ನನಗೆ?" ಅಂದಳು ಅತ್ತೆ. ಆದರೆ ಒಪ್ಪಿದಳು. ತಮ್ಮನ ಮುಖದಲ್ಲಿದ್ದ ಭಯ ಅವಳಿಗೂ ಕಂಡಿತ್ತು.

ಚೀಲವನ್ನು ಅಂಗಡಿಯಲ್ಲಿ ತಾನೇ ಹೊಲಿಯಬೇಕು ಅನ್ನುವುದು ಅವಳ ಹಟ. ಕ್ಯಾನ್ವಾಸು, ದಪ್ಪ ಪಟ್ಟಿ, ಒಳಗೆ ಫೋಮು, ಏಳು ಜೇಬು. ನೋಡಿದರೆ ದೃಷ್ಟಿ ತಾಗಬೇಕು, ಹಾಗಿತ್ತು. ಪಟ್ಟಿಯನ್ನು ಜಾರದಂತೆ ಗಟ್ಟಿಯಾಗಿ ಎರಡೆರಡು ಸಲ ಹೊಲಿದಿದ್ದಳು. ಉದ್ದ ಗಿಡ್ಡ ಮಾಡುವ ಬಕಲ್ಲು ಇಡಲೇ ಇಲ್ಲ. ಅಳತೆಗೆ ಸರಿಯಾಗಿ ಹೊಲಿದ ಮೇಲೆ ಅದೆಲ್ಲ ಯಾಕೆ, ಅದು ಕೈಲಾಗದವರ ಕೆಲಸ ಅಂದಳು.

ಶನಿವಾರ ಹೊರಟೆವು. ಮುಂದೆ ಅತ್ತೆ, ಹಿಂದೆ ನೀರಿನ ಬಾಟಲಿ ಹಿಡಿದು ನಾನು, ಸ್ಪಾನರ್ ಕೆಳಗಿಡದೆ ಹಾಗೇ ಬಂದ ಅಪ್ಪ. ಎರಡನೇ ಮಹಡಿಯವರೆಗೆ ಎಲ್ಲ ಸರಿಯಿತ್ತು. ಆಮೇಲೆ ಬಲಗಡೆಯ ಪಟ್ಟಿ ಜಾರತೊಡಗಿತು. ಎತ್ತಿ ಹಾಕಿದಳು, ಜಾರಿತು. ಮತ್ತೆ ಎತ್ತಿದಳು. ಭಾರವೆಲ್ಲ ಎಡಕ್ಕೆ ವಾಲಿ, ನಾಲ್ಕನೇ ಮಹಡಿಯ ತಿರುವಿನಲ್ಲಿ ಅವಳ ಕಾಲು ತಡವರಿಸಿತು. ಅಪ್ಪ ಸ್ಪಾನರ್ ಬಿಸಾಕಿ ಹಿಡಿದುಕೊಂಡ. ಅದು ಠಣ್ ಠಣ್ ಅನ್ನುತ್ತ ಕೆಳಗಿನ ಮಹಡಿಯವರೆಗೂ ಹೋಯಿತು.

ಅತ್ತೆ ಮೆಟ್ಟಿಲ ಮೇಲೆ ಕೂತಳು. ಎಡಭುಜದಲ್ಲಿ ಕೆಂಪಗೆ ಬರೆ ಬಿದ್ದಿತ್ತು.

"ಹೋಗ್ಲಿ ಬಿಡು," ಅಂದಳು. "ಗುಂಪಿನ ಜೊತೇನೇ ಹೋಗ್ತೀನಿ. ಅದೂ ಯುರೋಪೇ ತಾನೆ."

ಅಪ್ಪನಿಗೆ ಸಮಾಧಾನ ಆಗಬೇಕಿತ್ತು. ಆದಂತೆ ಕಾಣಲಿಲ್ಲ. ನನಗಂತೂ ಅತ್ತು ಬಿಡುವಷ್ಟು ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗದೆ ಚೀಲದ ಮೇಲೆ ತೋರಿಸಿದೆ. ಅದನ್ನು ಎಳೆದುಕೊಂಡು ಅಲ್ಲಿಂದ ಸೀದಾ ಅಂಗಡಿಗೆ ನಡೆದೆ. ಅತ್ತೆ ಬೇಡ ಬೇಡ ಅನ್ನುತ್ತ ಹಿಂದೆಯೇ ಬಂದಳು.

ಅಂಗಡಿಯಲ್ಲಿ ಮಾಸ್ಟರು ಇದ್ದರು. ಅತ್ತೆಗೆ ಕಟಿಂಗ್ ಕಲಿಸಿದವರು, ಎಪ್ಪತ್ತೆಂಟು ವರ್ಷ. ಈಗ ದಿನಕ್ಕೆ ಎರಡು ಗಂಟೆ ಬಂದು ಎಲ್ಲರ ತಪ್ಪು ಹುಡುಕಿ ಮನೆಗೆ ಹೋಗುವುದು ಅವರ ಕೆಲಸ. ಚೀಲವನ್ನು ತಿರುಗಿಸಿ ನೋಡಿದರು. ಹೊಲಿಗೆ ಎಳೆದು ನೋಡಿದರು. ಆಮೇಲೆ ಅದನ್ನು ಮೂಲೆಯ ಬೊಂಬೆಗೆ ಹಾಕಿದರು. ಕೈಗೆ ಗ್ಲೌಸು ಹಾಕಿದ ಹಾಗೆ ಕೂತಿತು.

"ಇದನ್ನ ಯಾರ ಅಳತೆಗೆ ಹೊಲಿದೆ?"

ಅತ್ತೆ ಬೊಂಬೆಯನ್ನು ನೋಡಿದಳು. ಅಂಗಡಿಯಲ್ಲಿ ಕೈಗೆ ಬಂದ ಕೆಲಸವನ್ನೆಲ್ಲ ಅದರ ಮೇಲೆ ಹಾಕಿ ನೋಡಿ ನೋಡಿ, ಅವಳಿಗೆ ಬೇರೆ ಯೋಚನೆಯೇ ಬಂದಿರಲಿಲ್ಲ. ಊರಿಗೆಲ್ಲ ಅಳತೆ ತೆಗೆದವಳಿಗೆ ತನ್ನದು ಗೊತ್ತಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಸುಮ್ಮನೆ ಅಲ್ಲ. ನಗು ಬಂತು ನನಗೆ. ಅವಳ ಮುಖ ನೋಡಿ ನುಂಗಿಕೊಂಡೆ.

"ಯುರೋಪಿಗೆ ಬೊಂಬೆ ಹೋಗುತ್ತೋ, ನೀನು ಹೋಗ್ತೀಯೋ?" ಅಂತ ಗದರಿದರು ಮಾಸ್ಟರು. "ಬಾ ಇಲ್ಲಿ. ನಿಂತ್ಕೋ."

ಅವಳಿಗೆ ನಿಲ್ಲಲು ಬರಲಿಲ್ಲ. ಮಾಸ್ಟರು ಟೇಪು ಬಿಚ್ಚಿದ ತಕ್ಷಣ ಬರೆದುಕೊಳ್ಳಲು ತಾನೇ ಪೆನ್ಸಿಲಿಗೆ ಕೈ ಹಾಕಿದಳು. ಕಾಜ ಮಾಡುವ ಅಕ್ಕ ಪೆನ್ಸಿಲು ಕಿತ್ತುಕೊಂಡು, "ನೀವು ಇವತ್ತು ಗಿರಾಕಿ, ಸುಮ್ನೆ ಇರಿ" ಅಂದಳು. ಮಾಸ್ಟರು ಕತ್ತಿನಿಂದ ಸೊಂಟಕ್ಕೆ, ಭುಜದಿಂದ ಭುಜಕ್ಕೆ ಟೇಪು ಇಟ್ಟು ಗಟ್ಟಿಯಾಗಿ ಹೇಳುತ್ತ ಹೋದರು. ಬಲಭುಜಕ್ಕೆ ಬಂದಾಗ ನಿಲ್ಲಿಸಿದರು. ಎರಡು ಸಲ ಅಳೆದರು.

"ಮುಕ್ಕಾಲು ಇಂಚು ಕೆಳಗಿದೆ," ಅಂದರು. ದನಿ ಸಣ್ಣದಾಗಿತ್ತು. "ಕತ್ತರಿ ಹಿಡಿದ ಭುಜ. ಕೊಟ್ಟೋನು ನಾನೇ."

ಮೆಷಿನ್ನುಗಳೆಲ್ಲ ನಿಂತಿದ್ದವು. ಅತ್ತೆ ತಲೆ ತಗ್ಗಿಸಿಕೊಂಡಿದ್ದಳು. "ಕತ್ತರಿ ಕೊಡದೆ ಇದ್ದಿದ್ರೆ ನಾನೂ ನನ್ನ ತಮ್ಮನೂ ಏನಾಗ್ತಿದ್ವೋ ಮಾಸ್ಟ್ರೇ," ಅಂದಳು. "ಇದಕ್ಕೆ ನೀವು ಬೇಜಾರು ಮಾಡ್ಕೋಬೇಡಿ. ಮುಕ್ಕಾಲು ಇಂಚು ತಾನೆ. ಬೇಕಾದ್ರೆ ಇನ್ನೂ ಮುಕ್ಕಾಲು ತಗೊಳ್ಳಿ." ಅಷ್ಟು ಹೇಳಿ ಅತ್ತಳು. ಕಾಜದಕ್ಕ ಬರೆಯುವುದು ಬಿಟ್ಟು ಸೆರಗು ಹುಡುಕಿದಳು.

ಅವತ್ತು ಊಟದ ಹೊತ್ತಿನಲ್ಲಿ ಯಾರೂ ಊಟ ಮಾಡಲಿಲ್ಲ. ಒಬ್ಬರು ಪಟ್ಟಿ ಬಿಚ್ಚಿದರು, ಒಬ್ಬರು ಬಲಗಡೆಗೆ ಮುಕ್ಕಾಲು ಇಂಚು ಹೆಚ್ಚಿಗೆ ಫೋಮು ಸೇರಿಸಿದರು, ಓವರ್‌ಲಾಕ್ ಮೆಷಿನ್ನಿನವಳು ಸೊಂಟಕ್ಕೊಂದು ಪಟ್ಟಿ ಬೇಕೇ ಬೇಕು ಅಂತ ಜಗಳವಾಡಿ ಹೊಲಿದಳು. ಬಕಲ್ಲು ಇಡಬೇಕೋ ಬೇಡವೋ ಅಂತ ಚರ್ಚೆಯಾಗಿ ಕಡೆಗೆ ಇಟ್ಟರು. ಕೈಲಾಗದವರ ಕೆಲಸ ಅಂದವಳು ಈ ಸಲ ತುಟಿಪಿಟಿಕ್ ಅನ್ನಲಿಲ್ಲ. ಅಷ್ಟೂ ಹೊತ್ತು ಅತ್ತೆಯನ್ನು ಒಂದು ಸ್ಟೂಲಿನ ಮೇಲೆ ಕೂರಿಸಿದ್ದರು. ಸುಮ್ಮನೆ ಕೂತಿರುವ ಅತ್ತೆಯನ್ನು ನಾನು ಮೊದಲು ನೋಡಿದ್ದು ಅವತ್ತು.

ಮಾರನೇ ದಿನ ಭಾನುವಾರ ಮತ್ತೆ ಅದೇ ಕಟ್ಟಡ. ಲಿಫ್ಟು ರಿಪೇರಿ ಮುಗಿದಿತ್ತು. ಅಪ್ಪ ಬಾಗಿಲು ತೆಗೆದು ನಿಂತಿದ್ದ.

"ಅಕ್ಕ, ಭುಜ ಕೆಂಪಾಗಿದೆ. ಇವತ್ತು ಬೇಡ. ಇದ್ರಲ್ಲಿ ಒಂದು ಸುತ್ತು ಬಾ, ನನ್ನ ಕೆಲಸ ನೋಡಿದ ಹಾಗಾಗುತ್ತೆ."

"ಆಮೇಲೆ ನೋಡ್ತೀನಿ," ಅಂತ ಅತ್ತೆ ಮೆಟ್ಟಿಲಿಗೆ ಕಾಲಿಟ್ಟಳು.

ಹತ್ತಿದಳು. ಬೇಗ ಅಲ್ಲ, ಒಂದೊಂದೇ ಮೆಟ್ಟಿಲು. ಚೀಲ ಬೆನ್ನಿಗೆ ಅಂಟಿಕೊಂಡಂತೆ ಕೂತಿತ್ತು. ನಾಲ್ಕನೇ ತಿರುವು ದಾಟಿತು. ಐದು ದಾಟಿತು. ಆರನೆಯದಕ್ಕೆ ಬರುವಷ್ಟರಲ್ಲಿ ಏದುಸಿರು ಬಿಡುತ್ತಿದ್ದವನು ಅಪ್ಪ. ಲಿಫ್ಟಿನವನಿಗೆ ಮೆಟ್ಟಿಲಿನ ಅಭ್ಯಾಸ ಎಲ್ಲಿಂದ ಬರಬೇಕು! ಅತ್ತೆ ನಿಂತು ಅವನಿಗಾಗಿ ಕಾದಳು. ಅಪ್ಪ ಕಂಬಿ ಹಿಡಿದುಕೊಂಡ. ಇದ್ದಕ್ಕಿದ್ದಂತೆ ಕೇಳಿದ.

"ಅಕ್ಕ, ನಾನು ಟ್ರೇನಿಂಗಿಗೆ ಹೊರಟ ದಿನ ನೀನು ಯಾಕೆ ಸ್ಟೇಷನ್ನಿಗೆ ಬರ್ಲಿಲ್ಲ?"

ಅಪ್ಪನಿಗೆ ಆಗ ಹದಿನೆಂಟು. ಎರಡು ದಿನದ ರೈಲಿನ ದಾರಿ, ಎರಡು ವರ್ಷದ ಟ್ರೇನಿಂಗು. ಈ ಪ್ರಶ್ನೆ ಇಪ್ಪತ್ತೊಂಬತ್ತು ವರ್ಷ ಅವನೊಳಗೇ ಇತ್ತು ಅಂತ ನನಗೆ ಗೊತ್ತೇ ಇರಲಿಲ್ಲ.

"ನಿನಗೆ ಕೋಪ ಅಂದ್ಕೊಂಡಿದ್ದೆ," ಅಂದ. "ಒಬ್ಬಳನ್ನೇ ಬಿಟ್ಟು ಹೋಗ್ತಿದೀನಿ ಅಂತ."

"ಕೋಪ ಅಲ್ಲ ಕಣೋ," ಅಂದಳು ಅತ್ತೆ. "ಬಂದಿದ್ರೆ ಹೋಗ್ಬೇಡ ಅಂದ್ಬಿಡ್ತಿದ್ದೆ. ನೀನು ಉಳ್ಕೊಂಡ್ಬಿಡ್ತಿದ್ದೆ. ಅದಕ್ಕೇ ಬರ್ಲಿಲ್ಲ."

ಅಪ್ಪ ಕಂಬಿ ಬಿಟ್ಟ. ಉಳಿದೆರಡು ಮಹಡಿಯನ್ನು ಅವಳ ಹಿಂದೆ ಹತ್ತಿದ. ಎಂಟನೇ ಮಹಡಿಯಲ್ಲಿ ಅವಳು ಗೋಡೆಗೆ ಒರಗಿ ನಿಂತಾಗ ಜೇಬಿನಿಂದ ಫೋನು ತೆಗೆದು, ಸೋಮವಾರದವರೆಗೂ ಕಾಯದೆ, ಪ್ರವಾಸ ಕಂಪನಿಯ ಆ ಪರಿಚಯದವರಿಗೆ ಮಾಡಿದ.

"ಆ ಸೀಟು ಬೇರೆಯವರಿಗೆ ಕೊಟ್ಬಿಡಿ," ಅಂದ. "ಇಲ್ಲ, ಹುಷಾರಾಗೇ ಇದಾಳೆ. ಹೂಂ, ಒಬ್ಬಳೇ." ಆ ಕಡೆಯವರು ಇನ್ನೇನೋ ಕೇಳಿರಬೇಕು. ಅಪ್ಪ ಅತ್ತೆಯ ಕಡೆ ನೋಡಿದ. ಅವನ ಕಣ್ಣು ತುಂಬಿತ್ತು.

"ಭಯ ಆಗ್ದೇ ಇರುತ್ತೇನ್ರೀ," ಅಂದ. "ನನ್ನನ್ನ ಕಳಿಸೋವಾಗ ಅವಳಿಗೂ ಆಗಿತ್ತಲ್ಲ."