ಮುತಾಹಿ ಎಣಿಸದ ಬೊಂಗೊಗಳು

ಇನ್ನೂ ಮಬ್ಬುಗತ್ತಲು. ನ್ಯಾಂಡರುವಾ ಬೆಟ್ಟದ ಬಿದಿರುಮೆಳೆಯಲ್ಲಿ, ಪ್ರಾಣಿಗಳು ನೆಕ್ಕಲು ಬರುವ ಉಪ್ಪುಮಣ್ಣಿನ ಹೊಂಡದ ಬಳಿ, ಮುತಾಹಿ ಕೆಸರಿನಲ್ಲಿ ಮೊಣಕಾಲೂರಿ ಕೂತಿದ್ದಾನೆ. ಏನಾದರೂ ಸುಳಿದರೆ ತಾನೇ ಚಿತ್ರ ಹಿಡಿಯುವ ಕ್ಯಾಮೆರಾವೊಂದನ್ನು ಮರಕ್ಕೆ ಕಟ್ಟಿದೆ. ಅದರ ಗಾಜನ್ನು ಅಂಗಿಯ ತುದಿಯಿಂದ ಒರೆಸುತ್ತಾನೆ. ಪಕ್ಕದಲ್ಲೇ ಆನೆ ಲದ್ದಿ ಹಬೆಯಾಡುತ್ತಿದೆ. "ಹೆದರ್ಕೋಬೇಡಿ, ಅದು ಹೋಗಿ ಅರ್ಧ ಗಂಟೆ ಆಯ್ತು," ಅನ್ನುತ್ತಾನೆ. ನನಗೇನೋ ಆ ಅರ್ಧ ಗಂಟೆ ತೀರಾ ಕಡಿಮೆ ಅನಿಸುತ್ತದೆ.

ಐವತ್ತೆಂಟರ ಈತ ಒಂದು ಕಾಲದಲ್ಲಿ ಇದೇ ಕಾಡಿನಲ್ಲಿ ಉರುಳು ಹಾಕುತ್ತಿದ್ದವನು. ಹದಿನಾಲ್ಕು ವರ್ಷಗಳಿಂದ ಉರುಳು ಕೀಳುತ್ತಿದ್ದಾನೆ, ಬೊಂಗೊಗಳ ಚಿತ್ರ ಹಿಡಿಯುತ್ತಿದ್ದಾನೆ. ಕೆಂಗಂದು ಮೈ, ಬಿಳಿ ಪಟ್ಟೆಯ ಈ ಕಾಡುಜಿಂಕೆ ಮನುಷ್ಯನ ಸುಳಿವು ಸಿಕ್ಕರೆ ಮಾಯ. ದಿನಕ್ಕೆ ಹದಿನೆಂಟು ಕಿಲೋಮೀಟರ್ ನಡೆಯುವ ಮುತಾಹಿಯೇ ಅದನ್ನು ಕಣ್ಣಾರೆ ಕಂಡಿದ್ದು ನಾಲ್ಕು ಸಲ. ಅಚ್ಚಾದ ಚಿತ್ರಗಳ ಕೆಳಗೆ ಅವನ ಹೆಸರು ಒಮ್ಮೆಯೂ ಬಂದಿಲ್ಲ. ಮೆಕ್ಕೆಜೋಳ, ಬೀನ್ಸ್ ಕಾಳಿನ ಬುತ್ತಿ ಕಟ್ಟುವಾಗ ಹೆಂಡತಿ ಗಥೋನಿ ದಿನಾ ಚುಚ್ಚುತ್ತಾಳಂತೆ: "ಹೋಗಯ್ಯ ಹೋಗು, ಆ ಸವತಿ ಇವತ್ತಾದ್ರೂ ನಿನ್ ಮುಖ ನೋಡ್ತಾಳಾ ಕೇಳ್ಕೊಂಡ್ ಬಾ."

ಈ ಕಣಿವೆಯಲ್ಲಿ ಉಳಿದಿರುವುದು ಒಂದು ಜೋಡಿ ಎಂದು ಬೊಂಗೊ ಗಣತಿಯ ತಂಡದ ನಾವು ಮೂರು ವರ್ಷಗಳಿಂದ ನಂಬಿದ್ದೇವೆ. ಹೊಂಡದ ಕ್ಯಾಮೆರಾಕ್ಕೆ ಸದಾ ಎಡ ಮಗ್ಗುಲನ್ನೇ ತೋರಿಸುವ, ಮುರಿದ ಪಟ್ಟೆಯ ನ್ಯೊಕಾಬಿ. ಕೆಳಗೆ ತೊರೆಯ ಕ್ಯಾಮೆರಾಕ್ಕೆ ಬಲ ಮಗ್ಗುಲನ್ನೇ ತೋರಿಸುವ, ಕವಲು ಪಟ್ಟೆಯ ಗಿಚೋಹಿ. ಬೊಂಗೊಗಳಲ್ಲಿ ಹೆಣ್ಣು, ಗಂಡು ಎರಡಕ್ಕೂ ಕೊಂಬಿರುತ್ತದೆ. ಮಂಜಿನಲ್ಲಿ ಕಂಡ ಗಿಚೋಹಿಯನ್ನು ಗಂಡೆಂದುಕೊಂಡೆವು. ಹೆಸರಿಟ್ಟವನು ಮುತಾಹಿ. ಎಣಿಸು ಎಂದರೆ ಮಾತ್ರ ಒಪ್ಪುವುದಿಲ್ಲ. "ಮಕ್ಕಳ್ನ, ದನಾನ ಎಣಿಸಿದ್ರೆ ಕಡಿಮೆ ಆಗ್ತವೆ ಅಂತ ನಮ್ಮವ್ವ ಹೊಡೆದು ಕಲಿಸಿದ್ಲು. ನಾನು ಹೆಸರು ಹೇಳ್ತೀನಿ, ಲೆಕ್ಕ ನೀವ್ ಹಾಕ್ಕೊಳ್ಳಿ." ನಾವು ಎರಡು ಎಂದು ಹಾಕಿಕೊಂಡೆವು. ಇವತ್ತಲ್ಲ ನಾಳೆ ಮರಿ ಬರುತ್ತದೆ ಎಂದು ಕಾದೆವು.

ಇಬ್ಬರ ಚಿತ್ರವನ್ನೂ ಒಟ್ಟಿಗೆ ಹಿಡಿಯುವ ಆಸೆಯಿಂದ ಹೋದ ವಾರ ಮುತಾಹಿ ಹೊಂಡದ ಆಚೆ ದಡಕ್ಕೆ ಇನ್ನೊಂದು ಕ್ಯಾಮೆರಾ ಕಟ್ಟಿದ್ದ. ಈಗ ಅದನ್ನೂ ಬಿಚ್ಚಿ ತಂದು, ಎರಡರ ಚಿತ್ರಗಳನ್ನು ಪುಟ್ಟ ಪರದೆಯಲ್ಲಿ ಪಕ್ಕಪಕ್ಕ ಇಟ್ಟು ನೋಡುತ್ತಾನೆ. ಒಂದೇ ದಿನ, ಒಂದೇ ನಿಮಿಷ, ಹೊಂಡದಲ್ಲಿ ಒಂದೇ ಜಿಂಕೆ. ಈಚೆಯಿಂದ ಮುರಿದ ಪಟ್ಟೆ, ಆಚೆಯಿಂದ ಕವಲು ಪಟ್ಟೆ. ಹೊಂಡಕ್ಕೆ ಬರುವಾಗ ನಮಗೆ ನ್ಯೊಕಾಬಿಯಾಗಿ ಕಂಡವಳೇ ತೊರೆ ದಾಟಿ ಮರಳುವಾಗ ಗಿಚೋಹಿಯಾಗಿ ಕಂಡಿದ್ದಾಳೆ. ಗಂಡು ಇರಲೇ ಇಲ್ಲ.

"ತಪ್ಪು ನಿಂದಲ್ಲ ಮುತಾಹಿ, ಲೆಕ್ಕ ಹಾಕಿದ್ದು ನಾವು," ಎನ್ನುತ್ತೇನೆ. ಬುತ್ತಿಯ ಜೊತೆ ತಂದ ಚಹಾ ಅವನ ಕೈಯಲ್ಲೇ ಆರಿಹೋಗುತ್ತದೆ. ಆಮೇಲೆ ಎರಡೂ ಕ್ಯಾಮೆರಾಗಳಿಗೆ ಹೊಸ ಬ್ಯಾಟರಿ ಹಾಕಿ, ಮತ್ತೆ ಮರಕ್ಕೆ ಕಟ್ಟುತ್ತಾನೆ.

ಇನ್ನೇನು ಆಸೆ ಎಂದು ಕೇಳುತ್ತೇನೆ. ಕೇಳಬಾರದಿತ್ತು.

"ಅವಳಿರೋವರ್ಗೂ ಈ ಬೆಟ್ಟ ಹತ್ತೋಕೆ ಕಾಲಲ್ಲಿ ಶಕ್ತಿ ಇದ್ರೆ ಸಾಕು," ಅನ್ನುತ್ತಾನೆ, ಹಗ್ಗದ ಗಂಟು ಬಿಗಿಯುತ್ತ. "ತಾನೊಬ್ಳೇ ಅಂತ ಅವಳಿಗೆ ಮೊದ್ಲಿಂದ್ಲೂ ಗೊತ್ತಿತ್ತು. ಗೊತ್ತಿಲ್ದೆ ಇದ್ದಿದ್ದು ನಮಗೇ."