ಸಿಸ್ಟರಮ್ಮ ವಿಮೆ ಮಾಡಿಸಿದ್ದು

ಚೆನ್ನಬಸಮ್ಮ ಯಶವಂತನಗರದ ಗಣಿ ಕಂಪನಿಯ ದವಾಖಾನೆಗೆ ನರ್ಸಾಗಿ ಸೇರಿದಾಗ ಅಲ್ಲಿದ್ದದ್ದು ಒಂದು ಮಂಚ, ಒಂದು ಸ್ಟೂಲು, ಒಬ್ಬ ಕಂಪೌಂಡರ್. ಅವರು ನಿವೃತ್ತರಾದ 2006ರ ಹೊತ್ತಿಗೆ ಅದೇ ದವಾಖಾನೆಗೆ ಎ.ಸಿ. ಕೋಣೆ, ಎಕ್ಸ್‌ರೇ ಯಂತ್ರ, ಎರಡು ಆಂಬುಲೆನ್ಸ್ ಬಂದಿದ್ದವು. ಅದಿರಿಗೆ ಅಂಥ ಬೆಲೆ ಬಂದ ಕಾಲ ಅದು. ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿ, ‘ಸಿಸ್ಟರಮ್ಮ ಈ ಕಂಪನಿಯ ತಾಯಿ’ ಎಂದು ಭಾಷಣ ಮಾಡಿದರು. ಅದಾದ ಮರುವಾರ ಗಂಡ ಕೊಟ್ರಯ್ಯನವರ ಉಬ್ಬಸದ ಗುಳಿಗೆ ತರಲು ಹೋದರೆ, ತಾವೇ ಕೆಲಸ ಕಲಿಸಿದ ಹುಡುಗಿ ಕಿಟಕಿಯಲ್ಲಿ ತಲೆ ತಗ್ಗಿಸಿ ನಿಂತಳು.

"ಸಿಸ್ಟರಮ್ಮಾ, ರಿಟೈರ್ ಆದೋರಿಗೆ ಕೊಡಬ್ಯಾಡ ಅಂದಾರ್ರಿ."

ಕ್ವಾರ್ಟರ್ಸ್ ಬಿಟ್ಟು ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಮನೆ ಮಾಡಿದ್ದರು. ಕೊಟ್ರಯ್ಯ ಸಂಡೂರು ರಸ್ತೆಯ ಬದಿಯಲ್ಲಿ ವರ್ಷಾನುಗಟ್ಟಲೆ ಸೈಕಲ್ ರಿಪೇರಿ ಅಂಗಡಿ ನಡೆಸಿದವರು. ಎದುರಿಗೆ ಹಾದುಹೋದ ಪ್ರತಿ ಲಾರಿಯ ಕೆಂಪು ಧೂಳನ್ನೂ ಕುಡಿದವರು. ಈಗ ಅಂಗಳದಿಂದ ನಡುಮನೆಗೆ ಬಂದರೂ ಗೋಡೆ ಹಿಡಿದು ನಿಲ್ಲುತ್ತಿದ್ದರು.

ಚೆನ್ನಬಸಮ್ಮ ಕಂಪನಿಯ ಸಿಬ್ಬಂದಿ ಅಧಿಕಾರಿ ಬಸವಕುಮಾರ್ ಹತ್ತಿರ ಹೋಗಿ ಕೇಳಿದರು. ಆತ ಒಳ್ಳೆಯ ಮಾತಿನವನು. ಕುರ್ಚಿ ಹಾಕಿಸಿ, ಚಹಾ ತರಿಸಿದ. ನಿವೃತ್ತರಿಗೆಂದೇ ಕಂಪನಿ ಒಂದು ಆರೋಗ್ಯ ವಿಮೆ ಮಾಡಿಸಿದೆ, ಬೇಕಾದವರು ಕಂತು ಕಟ್ಟಿ ಸೇರಬಹುದು, ಗಂಡನಿಗೂ ಅನ್ವಯಿಸುತ್ತದೆ ಎಂದ. "ಆದ್ರ ಈ ತಿಂಗಳದೊಳಗ ಹೇಳ್ಬೇಕ್ರಿ. ಆಮ್ಯಾಲೆ ಹೆಸರು ಸೇರ್ಸಂಗಿಲ್ಲ."

ಅದರಲ್ಲಿ ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ದುಡ್ಡು ಸಿಗುತ್ತಿತ್ತು. ಆದರೆ ವಿಮೆಯವರು ಒಪ್ಪುವ ಪಟ್ಟಿಯ ಆಸ್ಪತ್ರೆಗಳು ಬೆಂಗಳೂರಿನಲ್ಲಿ, ಹೈದರಾಬಾದಿನಲ್ಲಿ ಇದ್ದವು. ಹತ್ತಿರದ್ದೆಂದರೆ ಬಳ್ಳಾರಿಯ ಒಂದು ಆಸ್ಪತ್ರೆ. ಹೊಸಪೇಟೆಯದು ಒಂದೂ ಇರಲಿಲ್ಲ.

ಅಷ್ಟರಲ್ಲಿ ಸುದ್ದಿ ಹಿಡಿದು ವೇದಾಂತ್ ಎಂಬ ಏಜೆಂಟ್ ಮನೆಗೇ ಬಂದ. ಇವನದು ಖಾಸಗಿ ಪ್ಯಾಕೇಜು. ಇದರ ಪಟ್ಟಿಯಲ್ಲಿ ಹೊಸಪೇಟೆಯ ನರ್ಸಿಂಗ್ ಹೋಮ್‌ಗಳಿದ್ದವು. ಕಣ್ಣು, ಹಲ್ಲು, ಅಪಘಾತ, ವರ್ಷಕ್ಕೊಮ್ಮೆ ರಕ್ತಪರೀಕ್ಷೆ, ಎಲ್ಲವೂ ಇದ್ದವು.

"ಕನ್ನಡಕ ಪುಕ್ಕಟೆ ಐತಂತಲ್ಲೇ," ಎಂದರು ಕೊಟ್ರಯ್ಯ ಹಿಗ್ಗಿನಿಂದ.

"ನಿಮಗ ಉಸಿರು ಸಿಗವಲ್ದು, ಕನ್ನಡಕ ಹಾಕ್ಕೊಂಡು ಏನ್ ನೋಡ್ತೀರಿ?" ಎಂದು ಗದರಿ, ಚೆನ್ನಬಸಮ್ಮ ಏಜೆಂಟನ ಕಡೆ ತಿರುಗಿದರು. "ನಮಗ ಹಲ್ಲು ಬ್ಯಾಡ, ಕಣ್ಣು ಬ್ಯಾಡ. ಇವರ ಎದಿ ಒಂದಕ್ಕ ಮಾಡಿ ಕೊಡ್ರಿ."

"ಹಂಗ ಬಿಡಿಬಿಡಿಯಾಗಿ ಬರಂಗಿಲ್ರಿ ಅಮ್ಮಾರ. ಎಲ್ಲಾ ಕೂಡೇ ತಗೋಬೇಕು."

"ಎಲ್ಲಾ ಕೂಡೇ ಅಂತೀರಿ, ಅದರಾಗ ಎದೀನ ಇಲ್ಲಲ್ರಿ."

"ಐತ್ರಿ. ಹಳೇ ಕಾಯಿಲೆ ಆದ್ರ ನಾಕು ವರ್ಷ ಆದಮ್ಯಾಲೆ."

"ನಾಕು ವರ್ಷ ಇವರು ಉಸಿರಾಡದ ಹಂಗ ಕುಂದ್ರಬೇಕೇನು?"

ವೇದಾಂತ್ ದನಿ ತಗ್ಗಿಸಿದ. "ಉಬ್ಬಸ ಇಲ್ಲ ಅಂತ ಬರದ್ರ ಆತ್ರಿ. ಎಲ್ರೂ ಹಂಗ ಮಾಡ್ತಾರ."

"ನಾಳೆ ಡಾಕ್ಟರು ಕೇಸ್ ಶೀಟಿನಾಗ ಭಾಳ ವರ್ಷದಿಂದ ಉಬ್ಬಸ ಅಂತ ಬರೀತಾರ. ಆವಾಗ ನೀವ್ ಬಂದು ಅಳಿಸ್ತೀರೇನು?"

ವೇದಾಂತ್ ಚಹಾ ಕುಡಿದು ಎದ್ದು ಹೋದ. ಕೊಟ್ರಯ್ಯ ಎರಡು ದಿನ ಮುಖ ಊದಿಸಿಕೊಂಡಿದ್ದರು.

ಉಳಿದದ್ದು ಕಂಪನಿಯ ವಿಮೆ. ಚೆನ್ನಬಸಮ್ಮನಿಗೆ ತಿಳಿಯಬೇಕಾಗಿದ್ದದ್ದು ಒಂದೇ ಮಾತು: ಜೀವಕ್ಕೆ ಬಂದಾಗ ಹೊಸಪೇಟೆಯ ಆಸ್ಪತ್ರೆಗೆ ಹೋದರೆ ನಡೆಯುತ್ತದೋ ಇಲ್ಲವೋ? ಬಸವಕುಮಾರ್, ವಿಮೆಯವರನ್ನೇ ಕೇಳಿ ಎಂದ. ಎಸ್‌ಟಿಡಿ ಬೂತಿನಿಂದ ವಿಮೆಯವರಿಗೆ ಫೋನು ಮಾಡಿದರೆ ಹಿಂದಿಯಲ್ಲಿ ಒಂದು ಒತ್ತಿ, ಎರಡು ಒತ್ತಿ ಎಂದಿತು. ಒತ್ತಿದರೆ ಸಂಗೀತ ಬಂತು. ಸಂಗೀತ ಮುಗಿದು ಯಾರೋ ‘ಹಲೋ’ ಅಂದ ಕೂಡಲೇ ಲೈನು ಕಡಿಯಿತು. ಕೊನೆಗೆ ಸಿಕ್ಕ ಹುಡುಗಿ ಏನು ಕೇಳಿದರೂ, "ಪಟ್ಟಿಯಲ್ಲಿರೋ ಆಸ್ಪತ್ರೆಗೆ ಹೋಗಿ ಮೇಡಂ" ಎಂಬ ಒಂದೇ ಉತ್ತರ ಕೊಟ್ಟಳು. ಬೂತಿನವನು ಮೀಟರು ನೋಡಿ ಕನಿಕರದಿಂದ ತಲೆಯಾಡಿಸಿದ.

ತಿಂಗಳ ಕೊನೆಯ ದಿನ ಚೆನ್ನಬಸಮ್ಮ ಸಹಿ ಹಾಕಿದರು. ಸಮಾಧಾನದಿಂದ ಹಾಕಿದ ಸಹಿಯಲ್ಲ. ಎದೆಯ ಕಾಯಿಲೆ ಇವರದರಲ್ಲಾದರೂ ಇದೆಯಲ್ಲ, ಆಂಬುಲೆನ್ಸೂ ಕಳಿಸುತ್ತಾರಂತಲ್ಲ, ಎಂದು ಹಾಕಿದ ಸಹಿ.

ಡಿಸೆಂಬರಿನ ಒಂದು ಮಧ್ಯಾಹ್ನ ಕೊಟ್ರಯ್ಯ ಮಂಡಾಳು ಒಗ್ಗರಣೆ ತಿನ್ನುತ್ತಿದ್ದವರು ತಟ್ಟೆ ಬಿಟ್ಟು ಎದೆ ಹಿಡಿದುಕೊಂಡರು. ತುಟಿ ನೀಲಿಗಟ್ಟಿತು. ಕಾರ್ಡಿನಲ್ಲಿದ್ದ ನಂಬರಿಗೆ ಪಕ್ಕದ ಮನೆಯವರು ಫೋನು ಮಾಡಿದರು. ಆಂಬುಲೆನ್ಸ್ ಬಳ್ಳಾರಿಯಿಂದ ಹೊರಟಿತು. ಸ್ವಲ್ಪ ಹೊತ್ತಿನ ಮೇಲೆ ಡ್ರೈವರನೇ ಆ ಮನೆಗೆ ಫೋನು ಮಾಡಿದ.

"ತೋರಣಗಲ್ ಹತ್ರ ನಿಂತೀನ್ರಿ ಅಮ್ಮಾರ. ಮುಂದ ಅದಿರಿನ ಲಾರಿ, ಹಿಂದ ಲಾರಿ. ಯಾವಾಗ ಬಿಡ್ತಾರೋ ಗೊತ್ತಿಲ್ರಿ."

ಚೆನ್ನಬಸಮ್ಮ ಫೋನಿಟ್ಟು ಆಟೋ ತರಿಸಿದರು. ಗಂಡನನ್ನು ಆಟೋದಲ್ಲಿ ಕೂರಿಸಿ, ಬೆನ್ನಿಗೆ ಕೈ ಕೊಟ್ಟು ನೇರವಾಗಿ ಕೂರುವಂತೆ ಹಿಡಿದುಕೊಂಡು, ಡಾಕ್ಟರ್ ಮಾಧವಿಯವರ ನರ್ಸಿಂಗ್ ಹೋಮಿಗೆ ಕರೆದೊಯ್ದರು. ಆಮ್ಲಜನಕ ಕೊಟ್ಟರು. ಜೀವ ಉಳಿಯಿತು.

ವಿಮೆಯವರು ದುಡ್ಡು ಕೊಡಲಿಲ್ಲ. ಪಟ್ಟಿಯಲ್ಲಿಲ್ಲದ ಆಸ್ಪತ್ರೆ, ಮೊದಲು ಅನುಮತಿ ಕೇಳಿಲ್ಲ, ಕಳಿಸಿದ ಆಂಬುಲೆನ್ಸ್ ಬಳಸಿಲ್ಲ ಎಂದರು. ಕೊನೆಯ ಕಾರಣ ಕೇಳಿ ಚೆನ್ನಬಸಮ್ಮನಿಗೆ ಮೈಯೆಲ್ಲ ಉರಿಯಿತು. ಸೀದಾ ಯಶವಂತನಗರದ ಬಸ್ಸು ಹತ್ತಿ ಬಸವಕುಮಾರನ ಮೇಜಿನ ಮುಂದೆ ನಿಂತರು. ಈ ಸಲ ಕುರ್ಚಿ ಕೊಟ್ಟರೂ ಕೂರಲಿಲ್ಲ.

"ನಂದೇನೂ ಕೈಯಾಗಿಲ್ರಿ ಸಿಸ್ಟರಮ್ಮ. ರೂಲ್ಸು ಅವರದು."

"ನಿಮ್ಮ ಲಾರಿ ಅಡ್ಡ ನಿಂತು ಆಂಬುಲೆನ್ಸ್ ಬರಲಿಲ್ಲ. ಬರದ ಆಂಬುಲೆನ್ಸಿಗೆ ಯಾಕ ಹತ್ತಲಿಲ್ಲ ಅಂತ ನನ್ನ ಕೇಳ್ತಾರ! ಇದಕ್ಕ ಉತ್ತರ ನೀವ ಬರದು ಕಳಸ್ರಿ. ಅಲ್ಲೀತನಕ ನಾ ಇಲ್ಲೇ ನಿಲ್ತೀನಿ."

ಆತ ಬರೆದ. ಬೇಸಿಗೆ ಕಳೆದ ಮೇಲೆ ಅರ್ಧ ದುಡ್ಡು ಬಂತು. ಅದು ಯಾವ ಲೆಕ್ಕದ ಅರ್ಧ ಎಂದು ಯಾರೂ ಹೇಳಲಿಲ್ಲ.

ಈ ನಡುವೆ ಇನ್ನೊಂದು ನಡೆದಿತ್ತು. ಕೊಟ್ರಯ್ಯ ನರ್ಸಿಂಗ್ ಹೋಮಿನಲ್ಲಿದ್ದಾಗ, ಪಕ್ಕದ ಮಂಚದ ಹೆಂಗಸಿನ ಸಲೈನ್ ನಿಂತು ಕೈ ಊದಿಕೊಂಡಿದ್ದನ್ನು ಕಂಡು ಚೆನ್ನಬಸಮ್ಮ ತಾವೇ ಸೂಜಿ ತೆಗೆದು ಬೇರೆ ಕೈಗೆ ಹಾಕಿದ್ದರು. ಅದನ್ನು ನೋಡಿದ್ದ ಡಾಕ್ಟರ್ ಮಾಧವಿ ಡಿಸ್ಚಾರ್ಜ್ ದಿನ ತಡೆದು ನಿಲ್ಲಿಸಿದರು.

"ಇದ್ದ ನರ್ಸುಗಳೆಲ್ಲ ಗಣಿ ಕಂಪನಿ ಅಂತ ಓಡಿ ಹೋಗ್ಯಾರ್ರಿ. ನೀವು ಬರ್ರಿ. ನಮ್ಮ ಸ್ಟಾಫಿನ ಮನಿಯೋರ ಔಷಧ, ಆಕ್ಸಿಜನ್ನು, ಎಲ್ಲಾ ನಾವ ನೋಡ್ಕೋತೀವಿ."

ಆಗ ಚೆನ್ನಬಸಮ್ಮ ಬೇಡ ಅಂದಿದ್ದರು. ಮೊಣಕಾಲು ನೋವು, ದುಡಿದದ್ದು ಸಾಕು, ಹಂಪಿಗೆ, ಉಜ್ಜಿನಿಗೆ ಹೋಗಿಬರಬೇಕು ಎಂದೆಲ್ಲ ಅಂದುಕೊಂಡಿದ್ದರು. ಆದರೆ ಬಸವಕುಮಾರನ ಆಫೀಸಿನಿಂದ ಬಂದ ದಿನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ಗಂಡನಿಗೆ ಹೇಳಿದರು: "ನಾಳೆಯಿಂದ ಡ್ಯೂಟಿಗೆ ಹೊಂಟೀನಿ."

"ಈಗರ ಮನ್ಯಾಗ ಕುಂದ್ರೇ ಅಂದ್ರ!"

"ಕುಂದ್ರಾಕ ಯಾರು ಬಿಟ್ಟಾರ?" ಎಂದರು. ರೊಟ್ಟಿಯನ್ನು ಬೇಕಾದದ್ದಕ್ಕಿಂತ ಜೋರಾಗಿ ಬಡಿದರು.

ಈಗ ಬೆಳಗಿನ ಪಾಳಿ ಅವರದು. ಮಧ್ಯಾಹ್ನದ ಹೊತ್ತಿಗೆ ಮೊಣಕಾಲು ಬಾತಿರುತ್ತದೆ. ವಾರಕ್ಕೊಮ್ಮೆ ಕೊಟ್ರಯ್ಯ ಆಟೋದಲ್ಲಿ ಬಂದು ಮೂಲೆಯ ಮಂಚದ ಮೇಲೆ ಕೂರುತ್ತಾರೆ. ಔಷಧದ ಹೊಗೆ ಬರುವ ಮಾಸ್ಕನ್ನು ಚೆನ್ನಬಸಮ್ಮ ಅವರ ಮೂಗಿಗೆ ಕಟ್ಟುತ್ತಾರೆ. ಅವರು ಮಾಸ್ಕಿನೊಳಗಿನಿಂದಲೇ ಮನೆಯ ಸುದ್ದಿ ಶುರು ಮಾಡುತ್ತಾರೆ.

"ಮಾತಾಡಬ್ಯಾಡ್ರಿ. ಸುಮ್ನ ಉಸಿರು ತಗೋರಿ," ಎಂದು ಹೇಳಿ, ಚೆನ್ನಬಸಮ್ಮ ಗೋಡೆಗೆ ಕೈಯೂರಿಕೊಂಡು ಮುಂದಿನ ಮಂಚದ ಕಡೆ ಹೋಗುತ್ತಾರೆ.