ಲ್ಯಾಬಕ್ಕನ ಬಿಸಿ ಆಯಿಲ್

ಎದುರುಮನೆಯ ಟ್ಯಾಕ್ಸಿ ಬೆಳಿಗ್ಗೆ ಗೊರಗೊರ ಎಂದು ಶುರುವಾದರೆ ಸಾಕು, ನಮ್ಮ ಕೆಳಮನೆಯ ಲ್ಯಾಬಕ್ಕ ಹಲ್ಲುಜ್ಜುವುದನ್ನು ನಿಲ್ಲಿಸಿ ಕಿವಿಗೊಡುತ್ತಾರೆ. ಲ್ಯಾಬಿನಲ್ಲಿ ಎಂಜಿನ್ ಆಯಿಲ್ ಪರೀಕ್ಷಿಸುವುದು ಅವರ ಕೆಲಸ. ಒಂದು ಚಮಚ ಕಪ್ಪು ಆಯಿಲ್‌ನಲ್ಲಿ ಕಣ್ಣಿಗೆ ಕಾಣದ ಲೋಹದ ಪುಡಿಯನ್ನು ಅಳೆದು, ಒಂದು ನಟ್ಟನ್ನೂ ಬಿಚ್ಚದೆ, ಎಂಜಿನ್ನಿನ ಒಳಗೆ ಏನು ಸವೆಯುತ್ತಿದೆ ಎಂದು ಅವರು ಹೇಳುವಾಗ ನನಗೆ ಮೈ ಜುಮ್ಮೆನ್ನುತ್ತದೆ. ಬೀದಿಯವರ ಹೆಸರುಗಳು ಅವರಿಗೆ ನೆನಪಿರುವುದಿಲ್ಲ, ಅವರವರ ಗಾಡಿಯ ಆಯಿಲ್‌ನಲ್ಲಿ ಸಿಕ್ಕ ಲೋಹದ ಲೆಕ್ಕವೇ ನೆನಪು. ಬೇಕರಿಯವರು ‘ಕಬ್ಬಿಣ ಹದಿನೆಂಟು’, ನಮ್ಮ ಮೇಷ್ಟ್ರು ‘ತಾಮ್ರ ಒಂಬತ್ತು, ನೂರು ವರ್ಷ ಓಡ್ತಾರೆ’. ಇವತ್ತು ಟ್ಯಾಕ್ಸಿಯವನು ತಾನೇ ಆಯಿಲ್ ತೆಗೆದು ಶೀಶೆ ತುಂಬಿ ತಂದಿದ್ದ. ನಾಳೆ ಅವನು ತುಂಬು ಬಸುರಿ ಹೆಂಡತಿಯನ್ನು ಬೆಟ್ಟ ದಾಟಿಸಿ ದೊಡ್ಡಾಸ್ಪತ್ರೆಗೆ ಸೇರಿಸಬೇಕು. ಶೀಶೆ ಮುಟ್ಟಿ ನೋಡಿದ ಲ್ಯಾಬಕ್ಕ, “ಎಂಜಿನ್ ತಣ್ಣಗಿದ್ದಾಗ ತೆಗೆದೆಯಾ?” ಎಂದರು. “ಹೂಂ ಅಕ್ಕಾ, ಬಿಸಿಬಿಸಿ ಕುಡಿಯೋಕೆ ಅದೇನು ಕಾಫಿನಾ?” ಎಂದು ಅವನು ನಕ್ಕ. ಅವರು ನಗಲಿಲ್ಲ. “ತಣ್ಣಗಾದ್ರೆ ಪುಡಿಯೆಲ್ಲ ತಳಕ್ಕಿಳಿಯುತ್ತೆ, ಮೇಲಿನ ಆಯಿಲ್ ಸುಳ್ಳು ಹೇಳುತ್ತೆ ಕಣೋ. ಅಂಥದ್ದನ್ನೇ ನೋಡಿ, ಗಾಡಿ ಚೆನ್ನಾಗಿದೆ ಅಂತ ನಮ್ಮಣ್ಣಂಗೆ ನಾನೇ ಬರೆದುಕೊಟ್ಟಿದ್ದೆ. ನಡುರಸ್ತೆಯಲ್ಲಿ ಎಂಜಿನ್ ಜಾಮ್ ಆಯ್ತು, ಹಿಂದಿನಿಂದ ಲಾರಿ ಬಂತು.” ಹಾಸಿಗೆ ಹಿಡಿದ ಅಣ್ಣನಿಗೆ ಅವರೇ ತುತ್ತು ಕೊಡುವುದು ನಮಗೆಲ್ಲ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ಲ್ಯಾಬಕ್ಕ ಟ್ಯಾಕ್ಸಿಯವನಿಂದಲೇ ಗಾಡಿಯನ್ನು ನಾಲ್ಕು ಸುತ್ತು ಓಡಿಸಿ, ತಾವೇ ಬಗ್ಗಿ ಎಂಜಿನ್ನಿಗೆ ನಳಿಕೆ ಇಳಿಸಿ ಬಿಸಿ ಆಯಿಲ್ ಎಳೆದುಕೊಂಡರು. “ಸಂಜೆಯೊಳಗೆ ಹೇಳ್ತೀನಿ. ತಾಮ್ರ ಏರಿದ್ರೆ ಬೇರಿಂಗ್ ಸವೀತಿದೆ ಅಂತ, ಬೇರೆ ಗಾಡಿ ಮಾಡು; ಏರದಿದ್ರೂ ಬೆಟ್ಟದಲ್ಲಿ ಅವಳನ್ನ ಕೂರಿಸ್ಕೊಂಡು ನೀನು ಮಾತ್ರ ಜೋರಾಗಿ ಓಡಿಸ್ಬೇಡ” ಎನ್ನುತ್ತಲೇ, ಬೆಚ್ಚಗಿನ ಶೀಶೆಯನ್ನು ಎರಡೂ ಅಂಗೈಯಲ್ಲಿ ಹಿಡಿದು, ಬೀದಿಯ ತಿರುವು ದಾಟಿ ಲ್ಯಾಬಿನ ಕಡೆಗೆ ಹೋಗೇಬಿಟ್ಟರು.